ಹರಕೆಯ ಹೋತ ಮತ್ತು ಬಿ.ಎಂ.ಶ್ರೀ

ಹೋದ ತಿಂಗಳು ಊರಿಂದ ಅಜ್ಜಿ ಫೋನ್ ಮಾಡಿದ್ಲು. "ಜಾತ್ರೆ ಗೊತ್ತಾಯ್ತು ಮಗಾ. ರಜ ಹಾಕಿ ಬಾ. ನಿನ್ನ ಹರಕೆ ಬಾಕಿ ಐತೆ."

ಡಿಗ್ರಿ ಮುಗಿಸಿ ಎರಡು ವರ್ಷ ಕೆಲಸ ಇಲ್ಲದೆ ಅಲೀತಿದ್ದಾಗ ಅಜ್ಜಿ ಊರಮ್ಮನಿಗೆ ಒಂದು ಹೋತ ಒಪ್ಪಿಸ್ತೀನಿ ಅಂತ ಹೇಳ್ಕೊಂಡಿದ್ಲು. ಕೆಲಸ ಸಿಕ್ತು. ಮೇಕೆ ಮರಿ ಹಾಕ್ತು. ಆ ಮರಿಗೆ ಅಜ್ಜಿಯೇ ಕರಿಯ ಅಂತ ಹೆಸರಿಟ್ಟಳು. ಮಧುಗಿರಿ–ಶಿರಾ ರಸ್ತೆಯ ನಮ್ಮೂರಿಗೆ ನಾನು ಹೋದಾಗೆಲ್ಲ ಅದು ನನ್ನ ಬ್ಯಾಗಿಗೇ ಮೂತಿ ಹಾಕೋದು, ಬಾಳೆಹಣ್ಣು ಇದೆಯಾ ಅಂತ.

ಅಜ್ಜಿಯ ಫೋನ್ ಬಂದ ವಾರವೇ ನಾನು ಬಿ.ಎಂ.ಶ್ರೀ ಅವರ 'ಅಶ್ವತ್ಥಾಮನ್' ಓದ್ತಿದ್ದೆ. ಬೆಂಗಳೂರಲ್ಲಿ ನಾವು ಏಳೆಂಟು ಜನ ಭಾನುವಾರ ಸೇರಿ ನಾಟಕ ಓದ್ತೀವಿ, ಈ ಸಲ ಅದರ ಸರದಿ.

ಬಿ.ಎಂ. ಶ್ರೀಕಂಠಯ್ಯ ನಮ್ಮ ತುಮಕೂರು ಜಿಲ್ಲೆಯಲ್ಲೇ ಹುಟ್ಟಿದವರು. 1884ರ ಜನವರಿ 3ರಂದು, ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಮಾಡಿದ್ದು ಇಂಗ್ಲಿಷನ್ನು, ಶಿಷ್ಯರಿಗೆ ಹಚ್ಚಿದ್ದು ಕನ್ನಡದ ಹುಚ್ಚನ್ನು. ಕುವೆಂಪು, ತೀ.ನಂ.ಶ್ರೀ ಅವರಿಗೆಲ್ಲ ಇವರೇ ಮೇಷ್ಟ್ರು. ಕನ್ನಡ ಮಾತು ತಲೆ ಎತ್ತೋದು ಹೇಗೆ ಅಂತ 1911ರಲ್ಲೇ ಧಾರವಾಡದಲ್ಲಿ ಭಾಷಣ ಮಾಡಿದ್ದರು. ಗ್ರೀಕರ ರುದ್ರನಾಟಕ ಕನ್ನಡಕ್ಕೂ ಬೇಕು ಅಂತ 1929ರಲ್ಲಿ 'ಅಶ್ವತ್ಥಾಮನ್', 1935ರಲ್ಲಿ 'ಪಾರಸಿಕರು' ಕೊಟ್ಟರು. ಕೊನೆಗೆ 1946ರಲ್ಲಿ ಆ ಧಾರವಾಡದಲ್ಲೇ ತೀರಿಕೊಂಡರು.

'ಅಶ್ವತ್ಥಾಮನ್'ಗೆ ಮೂಲ ಸೊಫೊಕ್ಲಿಸ್ ಬರೆದ 'ಏಜಾಕ್ಸ್'. ಅದರ ಕಥೆ ಇಷ್ಟು. ಟ್ರಾಯ್ ಯುದ್ಧದಲ್ಲಿ ಅಕಿಲೀಸ್ ಸತ್ತ ಮೇಲೆ ಅವನ ಕವಚ ತನಗೇ ಸಿಗಬೇಕು ಅಂತ ಏಜಾಕ್ಸ್ ಕಾಯ್ತಿರ್ತಾನೆ. ಅದು ಒಡಿಸಿಯಸ್‌ಗೆ ಹೋಗುತ್ತೆ. ಅವಮಾನ ತಡೆಯದೆ ರಾತ್ರಿ ಕತ್ತಿ ಹಿಡಿದು ಹೊರಡ್ತಾನೆ. ಅಥೀನಾ ದೇವಿ ಬುದ್ಧಿ ಕೆಡಿಸಿಬಿಡ್ತಾಳೆ. ಶತ್ರುಗಳು ಅಂದುಕೊಂಡು ಕುರಿ, ದನಗಳನ್ನು ಕಡಿದು ಹಾಕ್ತಾನೆ. ಒಂದು ಟಗರನ್ನು ಕಟ್ಟಿಹಾಕಿ, ಇವನೇ ಒಡಿಸಿಯಸ್ ಅಂತ ಚಾಟಿಯಲ್ಲಿ ಬಾರಿಸ್ತಾನೆ. ಹುಚ್ಚು ಇಳಿದು, ಕಣ್ಣೆದುರು ಬಿದ್ದಿರೋದು ಏನು ಅಂತ ಗೊತ್ತಾದಾಗ ನಾಚಿಕೆಯಿಂದ ತನ್ನ ಕತ್ತಿಗೇ ತಾನು ಬಿದ್ದು ಸಾಯ್ತಾನೆ.

ಈ ಸಾವನ್ನು ಬಿ.ಎಂ.ಶ್ರೀ ಅಶ್ವತ್ಥಾಮನಿಗೆ ತಂದುಕೊಟ್ಟರು. ನಮ್ಮ ಪುರಾಣದಲ್ಲಿ ಅವನು ಚಿರಂಜೀವಿ! ಆದರೂ ಸಾಯಿಸಿದರು. ಅಷ್ಟು ಧೈರ್ಯ ಆ ಮೇಷ್ಟ್ರಿಗೆ.

ಇನ್ನೊಂದು ವಿಷಯ. 'ಟ್ರ್ಯಾಜಿಡಿ' ಅನ್ನೋ ಪದ ಬಂದಿರೋದೇ ಗ್ರೀಕಿನ 'ಹೋತ' ಮತ್ತು 'ಹಾಡು' ಎಂಬ ಎರಡು ಪದ ಸೇರಿ. ಗೆದ್ದವರಿಗೆ ಹೋತ ಬಹುಮಾನವೋ, ಹೋತ ಬಲಿ ಕೊಡುವಾಗ ಹಾಡುತ್ತಿದ್ದರೋ, ವಿದ್ವಾಂಸರಲ್ಲಿ ಒಮ್ಮತ ಇಲ್ಲ. ನನಗೆ ಮಾತ್ರ ಕರಿಯನೇ ಕಣ್ಣಮುಂದೆ ಬಂದ.

ಶನಿವಾರ ಬಸ್ ಹತ್ತಿದೆ. ಕೊರಟಗೆರೆ ದಾಟೋ ಹೊತ್ತಿಗೆ ಹೇಳಬೇಕಾದ್ದನ್ನೆಲ್ಲ ಮನಸ್ಸಲ್ಲೇ ಜೋಡಿಸಿಕೊಂಡಿದ್ದೆ. ಮೊದಲು ಕಾನೂನು ಹೇಳಿದೆ. ದೇವಸ್ಥಾನದ ಆವರಣದಲ್ಲಿ ಪ್ರಾಣಿಬಲಿ ಕೊಡಬಾರದು ಅಂತ 1959ರಿಂದಲೇ ಕಾಯ್ದೆ ಇದೆ ಅಂದೆ. "ಗುಡೀಲಿ ಯಾರ್ ಹೊಡೀತಾರೆ? ತೋಟದಲ್ಲಿ" ಅಂದ್ಲು. ಆಮೇಲೆ ಏಜಾಕ್ಸ್ ಕಥೆ ಹೇಳಿದೆ. ಮೂಡಲಪಾಯ ಆಟ ನೋಡಿ ಬೆಳೆದವಳು, ಕಥೆ ಅಂದ್ರೆ ಕಿವಿ ನೆಟ್ಟಗಾಗುತ್ತೆ. ಪೂರ್ತಿ ಕೇಳಿ, "ಅವನು ಸತ್ತ, ಸರಿ. ಆ ಕುರಿಗಳ್ಗೆ ಯಾರ್ ಅತ್ರು?" ಅಂದ್ಲು.

ನನ್ನ ಹತ್ರ ಉತ್ತರ ಇರಲಿಲ್ಲ. ನಾಟಕದಲ್ಲಿ ಎಲ್ಲರೂ ಅಳೋದು ವೀರನ ಮಾನಕ್ಕೆ. ಬರೀ ಕುರಿಗಳನ್ನು ಕಡಿದನಲ್ಲ, ಶತ್ರುಗಳು ನಗ್ತಾರಲ್ಲ ಅನ್ನೋದೇ ಅವನ ಸಂಕಟ. ನಾನು ಎರಡು ಸಲ ಓದಿದ್ದರೂ ಇದು ಹೊಳೆದಿರಲಿಲ್ಲ. ಐವತ್ತು ವರ್ಷ ಕುರಿ ಕಾದವಳಿಗೆ ಒಂದೇ ಸಲಕ್ಕೆ ಹೊಳೀತು.

ಗೆದ್ದೆ ಅಂದುಕೊಂಡೆ. "ಹಾಗಾದ್ರೆ ಕರಿಯನ್ನ ಬಿಟ್ಬಿಡು ಅಜ್ಜಿ" ಅಂದೆ. ಅವಳು ಸುಮ್ಮನಿರಲಿಲ್ಲ. "ಮೈದನಹಳ್ಳಿಗೆ ಹೋಗಿ ಜಿಂಕೆ ಫೋಟೋ ಹೊಡ್ಕೊಂಡು ಬರ್ತೀಯ. ಮನೆಗೆ ಬಂದು ಮಟನ್ ಸಾರು ಕೇಳ್ತೀಯ. ನಾನಾದ್ರೂ ಹೆಸರಿಟ್ಟು, ಕೈಯಾರೆ ಮೇವು ಹಾಕಿ ಸಾಕಿದ್ದೀನಿ. ನೀನು ತಿನ್ನೋ ಬಿರಿಯಾನೀದು ಹೆಸರೇನು?"

ನಿಜವೇ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಹುಲ್ಲುಗಾವಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಅಂತ ಘೋಷಿಸಿದರು, ಸುಮಾರು 798 ಎಕರೆ. ನನ್ನ ಪ್ರೊಫೈಲ್ ಫೋಟೋ ಅಲ್ಲಿಯದೇ. ನನ್ನ ಪ್ರಾಣಿಪ್ರೀತಿ ಫೋಟೋಗೆ ಚೆಂದ ಕಾಣೋ ಪ್ರಾಣಿಗಳಿಗೆ ಮಾತ್ರ.

ರಾತ್ರಿ ಪಾವಗಡದ ಮಾವ ಬಂದಿದ್ದರು. ಅವರೇ ದಾರಿ ತೋರಿಸಿದ್ದು. ಪಾವಗಡದ ಆಚೆ ಚಳ್ಳಕೆರೆ, ಮೊಳಕಾಲ್ಮೂರು ಕಡೆ ಮ್ಯಾಸಬೇಡರು ದೇವರ ಎತ್ತುಗಳನ್ನು ಸಾಕ್ತಾರೆ. ಅವು ಉಳಲ್ಲ, ಅವನ್ನು ಮಾರಲ್ಲ, ಕಡಿಯಲ್ಲ. ಕಾಯೋದಕ್ಕೇ ಕಿಲಾರಿಗಳು ಇರ್ತಾರೆ. "ದೇವರಿಗೆ ಕೊಡೋದು ಅಂದ್ರೆ ಕುಯ್ಯೋದೇ ಅಂತ ಏನಿಲ್ಲ ಅತ್ತೆ, ಬಿಡೋದೂ ಕೊಟ್ಟಂಗೇ" ಅಂದ್ರು.

ಅಜ್ಜಿ ಬಹಳ ಹೊತ್ತು ಎಲೆಅಡಿಕೆ ಅಗಿದಳು. "ಮಾತು ಕೊಟ್ಟೋಳು ನಾನು. ಬದಲಾಯಿಸ್ಬೇಕು ಅಂದ್ರೆ ಅಮ್ಮನ್ನೇ ಕೇಳ್ಬೇಕು. ಶುಕ್ರವಾರ ಹೂ ಕೇಳ್ತೀನಿ. ಬಲಗಡೆ ಕೊಟ್ರೆ ಕರಿಯನ್ನ ಬಿಡ್ತೀನಿ. ಆದ್ರೆ ನಾನು ಬಾಯ್ಬಿಟ್ಟು ಕೇಳ್ಬೇಕು ಅಂದ್ರೆ ನೀನೂ ಒಂದು ಬಿಡು. ಒಂದು ವರ್ಷ ಬಾಡು ಮುಟ್ಬೇಡ."

ಹೂಂ ಅಂದೆ. ವಾಪಸ್ ಬಂದ ದಿನವೇ ಆಫೀಸಲ್ಲಿ ಟೀಮ್ ಲಂಚ್, ದೊನ್ನೆ ಬಿರಿಯಾನಿ. ನಾನು ಮೊಸರನ್ನ ತಿಂದೆ. ಎಲ್ಲರೂ ನಕ್ಕರು.

ನಾಳೆ ಶುಕ್ರವಾರ. ಅಮ್ಮ ಎಡಗಡೆ ಹೂ ಕೊಟ್ಟರೆ ಅಜ್ಜಿಯ ಮಾತಿಗೆ ನಾನು ಎದುರಾಡೋ ಹಾಗಿಲ್ಲ. ಆದರೂ ಬ್ಯಾಗಿಗೆ ಒಂದು ಚಿಪ್ಪು ಬಾಳೆಹಣ್ಣು ಹಾಕಿಟ್ಟಿದ್ದೀನಿ.