ಕಸ ನಗರಸಭೆಯದು, ಮೋರಿ ಯಾರದು?

ರಾತ್ರಿ ಎಂಟೂವರೆಯಾದರೆ ಸಾಗರದ ಪೇಟೆಯಲ್ಲಿ ಶಟರ್ ಎಳೆಯುವ ಸದ್ದು ಶುರು. ಅದಕ್ಕೆ ಮುಂಚೆ ಪೊರಕೆ ಸದ್ದು. ರಟ್ಟು, ದಾರ, ಪ್ಲಾಸ್ಟಿಕ್ ಕವರು, ಟೀ ಕಪ್ಪು, ಗುಟ್ಕಾ ಚೀಟಿ ಎಲ್ಲ ಒಂದೇ ಗುಡ್ಡೆಯಾಗಿ ಮೆಟ್ಟಿಲಿಳಿದು ಮೋರಿ ಸೇರುತ್ತೆ. ಎಲ್ಲ ಅಂಗಡಿಯವರೂ ಹೀಗೆ ಅಂತಲ್ಲ. ಆದರೆ ಒಂದು ಬೀದಿಯ ಮೋರಿ ಕಟ್ಟಲು ನಾಲ್ಕು ಅಂಗಡಿ ಸಾಕು.

ಕೇಳಿದರೆ ಉತ್ತರ ರೆಡಿ. 'ಕಂದಾಯ ಕಟ್ಟಲ್ವಾ ಸ್ವಾಮಿ? ಎತ್ತೋದು ಅವರ ಕೆಲಸ.' ಈ ಮಾತಿನಲ್ಲಿ ಅರ್ಧ ನ್ಯಾಯ ಇದೆ. ಕಸದ ಗಾಡಿ ಹಾಡು ಹಾಕಿಕೊಂಡು ಬರೋದು ಬೆಳಿಗ್ಗೆ. ಅಂಗಡಿ ಕಸ ಹುಟ್ಟೋದು ರಾತ್ರಿ. ಗಾಡಿ ಬಂದಾಗ ಬಾಗಿಲು ಹಾಕಿರುತ್ತೆ, ಬಾಗಿಲು ತೆಗೆದಾಗ ಗಾಡಿ ಹೋಗಿರುತ್ತೆ. ಇಷ್ಟು ಸಣ್ಣ ವಿಷಯ ಸರಿಮಾಡಲು ಬೆಂಗಳೂರಿನಿಂದ ಆರ್ಡರ್ ಬರಬೇಕೆ?

ಕಾನೂನಿಗೇನೂ ಬರವಿಲ್ಲ. 2000ದಲ್ಲಿ ಒಂದು ನಿಯಮ ಬಂತು, 2016ರಲ್ಲಿ ಇನ್ನೊಂದು. ಹಸಿ, ಒಣ, ಅಪಾಯಕಾರಿ ಅಂತ ಕಸವನ್ನು ಮನೆಯಲ್ಲೇ ಮೂರು ಮಾಡಿ, ಬೀದಿಗೆ, ಮೋರಿಗೆ ಎಸೆಯಬೇಡಿ, ಸುಡಬೇಡಿ, ಶುಲ್ಕ ಕೊಡಿ ಎಂದಿತು 2016ರ ನಿಯಮ. ನೂರಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮ ಇದ್ದರೆ ಮೂರು ದಿನ ಮುಂಚೆ ತಿಳಿಸಿ ಎಂದೂ ಹೇಳಿತು. ಮಲೆನಾಡಿನ ಯಾವ ಮದುವೆಗೆ ನೂರು ಜನ ಬರೋದಿಲ್ಲ? ಲಗ್ನಪತ್ರಿಕೆಯನ್ನು ನಗರಸಭೆಗೂ ಒಂದು ಕಳಿಸಿದವರು ಎಷ್ಟು ಮಂದಿಯೋ!

ಇನ್ನು 'ಸಾರ್ವಜನಿಕರ ಸಹಭಾಗಿತ್ವ' ಎಂಬ ದೊಡ್ಡ ಮಾತು. ಅಕ್ಟೋಬರ್ 2ಕ್ಕೆ ಹೊಸ ಪೊರಕೆ ಹಿಡಿದು ಫೋಟೋ ಹೊಡೆಸಿಕೊಂಡರೆ ಅದು ಮುಗಿಯಿತು. ಜನ ಕೂತು ಮಾತಾಡಲು ವಾರ್ಡ್ ಸಮಿತಿ ಬೇಡವೆ? 1992ರ ಸಂವಿಧಾನ ತಿದ್ದುಪಡಿ ಅದನ್ನು ಕಡ್ಡಾಯ ಮಾಡಿದ್ದು ಮೂರು ಲಕ್ಷ ಜನಸಂಖ್ಯೆ ದಾಟಿದ ಊರುಗಳಿಗೆ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರನ್ನೂ ಕೂಡಿಸಿದರೂ ಅದರ ಅರ್ಧಕ್ಕೆ ಬರೋದಿಲ್ಲ. ಸಣ್ಣ ಊರಿನವರಿಗೆ ಪೊರಕೆ ಉಂಟು, ಕುರ್ಚಿ ಇಲ್ಲ.

ಬಸ್ಸಿನವರೂ ಕಡಿಮೆಯಿಲ್ಲ. ತೀರ್ಥಹಳ್ಳಿ ನಿಲ್ದಾಣದಲ್ಲಿ ಚಿಪ್ಸ್ ಕೊಂಡವರು ಊರು ದಾಟುವಷ್ಟರಲ್ಲಿ ಕಿಟಕಿಯಿಂದ ಚೀಟಿ ಹಾರಿಸುತ್ತಾರೆ. ಮಲೆನಾಡಿನ ಮಳೆ ಏನನ್ನೂ ಬಿದ್ದ ಜಾಗದಲ್ಲಿ ಬಿಡೋದಿಲ್ಲ. ತೀರ್ಥಹಳ್ಳಿಯದು ತುಂಗೆಗೆ, ಅಲ್ಲಿಂದ ಮಂಡಗದ್ದೆ, ಗಾಜನೂರು, ಕಡೆಗೆ ಶಿವಮೊಗ್ಗದವರ ಕುಡಿಯುವ ನೀರಿಗೆ. ಹೊಸನಗರದ್ದು ಶರಾವತಿ ಹಿಡಿದು ಲಿಂಗನಮಕ್ಕಿ ಹಿನ್ನೀರಿಗೆ. ಎಳ್ಳಮಾವಾಸ್ಯೆ ದಿನ ಅದೇ ತುಂಗೆಯಲ್ಲಿ ಮುಳುಗೆದ್ದು ಪುಣ್ಯ ಕಟ್ಟಿಕೊಳ್ಳುವವರೂ ನಾವೇ.

ತಮಾಷೆ ಅಂದರೆ, ಕಸ ಬೇರೆ ಮಾಡೋದನ್ನು ಈ ಸೀಮೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಹಳ್ಳಿ ಮನೆಯಲ್ಲಿ ಸಗಣಿ, ಸೊಪ್ಪು, ತರಕಾರಿ ಸಿಪ್ಪೆ ಗೊಬ್ಬರದ ಗುಂಡಿಗೆ. ಅಲ್ಲಿಂದ ಅಡಿಕೆ ಮರದ ಬುಡಕ್ಕೆ. ಗುಂಡಿಗೆ ಒಂದು ಗಾಜಿನ ಚೂರು ಬಿದ್ದರೆ ಅಜ್ಜಿ ಮನೆಯವರನ್ನೆಲ್ಲ ಬೈಯುತ್ತಿದ್ದಳು. ಆ ಅಜ್ಜಿಯ ಮೊಮ್ಮಕ್ಕಳು ಪೇಟೆಗೆ ಬಂದು ಮನೆ ಮಾಡಿದ ಮೇಲೆ ಅನ್ನವನ್ನೂ ಬ್ಲೇಡನ್ನೂ ಒಂದೇ ಕವರಿಗೆ ಹಾಕಿ ಗಂಟು ಕಟ್ಟುತ್ತಾರೆ. ಗಂಟು ಬಿಚ್ಚೋದು ಪೌರಕಾರ್ಮಿಕರ ಕೈ.

'ನಾವು ಬೇರೆ ಮಾಡಿ ಕೊಟ್ಟರೂ ಗಾಡಿಯಲ್ಲಿ ಒಟ್ಟಿಗೆ ಸುರಿಯುತ್ತಾರೆ' ಎಂಬ ದೂರೂ ಇದೆ. ಈ ಅನುಮಾನ ಭಾಷಣದಿಂದ ಹೋಗೋದಿಲ್ಲ. ಹೊಸನಗರ ಕಡೆಯಿಂದ ಕೊಲ್ಲೂರು ಘಾಟಿ ಇಳಿದರೆ ಕುಂದಾಪುರದ ಹಾದಿಯಲ್ಲಿ ವಂಡ್ಸೆ ಸಿಗುತ್ತೆ. ಅದು ಬರೀ ಗ್ರಾಮ ಪಂಚಾಯಿತಿ. ಅಲ್ಲಿ ಮನೆ, ಅಂಗಡಿಯ ಕಸ ತಂದು ಬಿಡಿಸಿ, ಹಸಿಯದನ್ನು ಗೊಬ್ಬರ ಮಾಡಿ, ಒಣದನ್ನು ಮಾರಿ ತೋರಿಸಿದರು. ಅತ್ತ ಬೆಂಗಳೂರು ತನ್ನ ಕಸವನ್ನೆಲ್ಲ ಮಂಡೂರಿನವರ ತಲೆ ಮೇಲೆ ಸುರಿಯುತ್ತಾ ಹೋಗಿ, 2014ರಲ್ಲಿ ಅವರು ರಸ್ತೆಗಿಳಿದ ಮೇಲೆ ಬುದ್ಧಿ ಕಲಿಯಿತು.

ಮೂರು ವರ್ಷಕ್ಕೊಮ್ಮೆ ಮಾರಿಜಾತ್ರೆಗೆ ಸಾಗರದವರು ಸಮಿತಿ ಕಟ್ಟಿ, ಚಂದಾ ಎತ್ತಿ, ಲೆಕ್ಕ ಕೇಳಿ ಜಗಳವನ್ನೂ ಆಡುತ್ತಾರೆ. ಕಸದ ಶುಲ್ಕದ ಲೆಕ್ಕ ಯಾಕೆ ಕೇಳಬಾರದು? ವರ್ತಕರ ಸಂಘದವರು ತಿಂಗಳಿಗೊಮ್ಮೆ ನಗರಸಭೆಯಲ್ಲಿ ಕೂರಲಿ. ಪೇಟೆಗೆ ರಾತ್ರಿ ಒಂಬತ್ತಕ್ಕೆ ಒಂದು ಗಾಡಿ ಬರಲಿ. ಕಸ ಕೊನೆಗೆ ಎಲ್ಲಿಗೆ ಹೋಗುತ್ತೆ ಅಂತ ನೋಡಲು ಹೋದವರಿಗೆ ಗೇಟು ತೆಗೆಯಲಿ. ಗಾಡಿ ಬಂದ ಮೇಲೂ ಮೋರಿಗೇ ಗುಡಿಸುವವರಿಗೆ ದಂಡ ಹಾಕಿದರೆ ಆಗ ಯಾರೂ ತಕರಾರು ಎತ್ತುವ ಹಾಗಿಲ್ಲ. ಜೂನ್ ಮಳೆ ಹಿಡಿಯುವ ಮುಂಚೆ ಗಾಡಿಯದ್ದಾದರೂ ಆಗಲಿ.