ಮತದಾರರ ಸಾಕ್ಷರತಾ ಸಂಘಗಳು: ಭಾಷೆಯ ನೆಲೆಯಿಂದ ಕೆಲವು ವಿಚಾರಗಳು

ಭಾರತ ಚುನಾವಣಾ ಆಯೋಗವು 2018ರ ಜನವರಿ 25ರಂದು, ರಾಷ್ಟ್ರೀಯ ಮತದಾರರ ದಿನದ ಸಂದರ್ಭದಲ್ಲಿ, ಶಾಲಾ ಕಾಲೇಜುಗಳಿಗಾಗಿ ಮತದಾರರ ಸಾಕ್ಷರತಾ ಸಂಘಗಳ ಯೋಜನೆಯನ್ನು ಆರಂಭಿಸಿತು. ರಾಜ್ಯದ ಶಿಕ್ಷಣ ಇಲಾಖೆಯ ಮೂಲಕ ಅದು ಸರ್ಕಾರಿ ಪ್ರೌಢಶಾಲೆಗಳನ್ನು ತಲುಪಿತು. ಶಾಲಾ ಸಂಸತ್ತು, ಮಕ್ಕಳ ಗ್ರಾಮಸಭೆಗಳು ಅದಕ್ಕೂ ಹಿಂದಿನವು. ಇವೆಲ್ಲ ಪಕ್ಷಾತೀತವೆಂಬುದು ಸರಿ, ರಾಜಕೀಯೇತರವೆನ್ನಲಾಗದು. ಪ್ರಭುತ್ವವು ತನ್ನ ಭಾವೀ ಮತದಾರರನ್ನು ರೂಪಿಸಲು ಶಾಲೆಯೊಳಗೆ ಸಂಘ ಕಟ್ಟುವುದು ರಾಜಕೀಯ ಕ್ರಿಯೆಯೇ. ಅದು ತಪ್ಪೂ ಅಲ್ಲ. ಪರಿಶೀಲಿಸಬೇಕಾದುದು, ಈ ಸಂಘಗಳು ಮಕ್ಕಳಿಗೆ ಎಂತಹ ಭಾಷೆಯನ್ನು ಕಲಿಸುತ್ತಿವೆ ಎಂಬುದನ್ನು.

ಘೋಷವಾಕ್ಯ, ಭಿತ್ತಿಪತ್ರ, ಪ್ರಬಂಧ, ರಸಪ್ರಶ್ನೆ, ಅಣಕು ಮತದಾನ ಇವು ಸಂಘಗಳ ಮುಖ್ಯ ಚಟುವಟಿಕೆಗಳು. ಘೋಷವಾಕ್ಯಗಳ ವ್ಯಾಕರಣ ಬಹುಮಟ್ಟಿಗೆ ವಿಧ್ಯರ್ಥದ್ದು: ಮತ ಚಲಾಯಿಸಿ, ಆಮಿಷಕ್ಕೆ ಒಳಗಾಗದಿರಿ. ಪ್ರಶ್ನಾರ್ಥಕ ವಾಕ್ಯಕ್ಕೆ ರಸಪ್ರಶ್ನೆಯಲ್ಲಿ ಮಾತ್ರ ಎಡೆಯುಂಟು. ಅಲ್ಲಿಯೂ ಉತ್ತರ ಮೊದಲೇ ನಿಗದಿಯಾಗಿರುತ್ತದೆ.

ಪ್ರಭುತ್ವದ ಈ ಏಕಮುಖ ಮಾತಿಗೆ ರಾಯಚೂರು ಜಿಲ್ಲೆಯಲ್ಲಿ ಬಹು ಹಳೆಯ ಸಾಕ್ಷಿಯಿದೆ. 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಅಶೋಕ ಶಾಸನವು, ಹಿರಿಯರಂತೆ ಸಾಮಾನ್ಯರೂ ಧರ್ಮದಿಂದ ಉನ್ನತಿ ಪಡೆಯಬಲ್ಲರೆಂದು ಸಾರುತ್ತದೆ. ಆಶಯ ಉದಾತ್ತವಾದುದೇ. ಆದರೆ ಪ್ರಾಕೃತದಲ್ಲಿ ಕೊರೆದ ಆ ಬಂಡೆಗೆ ಸ್ಥಳೀಯರು ಮರುಮಾತು ಹೇಳುವ ದಾರಿ ಇರಲಿಲ್ಲ. (ಯಾವ ನುಡಿಯಲ್ಲಿ ಹೇಳುತ್ತಿದ್ದರೋ!)

ಈ ಭಾಗದ ಮಕ್ಕಳಿಗೆ ರಾಜಕಾರಣ ಅಪರಿಚಿತವೇನಲ್ಲ. ಸಿಂಧನೂರಿನ ಭತ್ತದ ಗದ್ದೆಗಳು ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ಕಾಯುತ್ತವೆ. ಲಿಂಗಸುಗೂರು ತಾಲೂಕಿನ ಹಟ್ಟಿ ಚಿನ್ನದ ಗಣಿಯಲ್ಲಿ ಕಾರ್ಮಿಕ ಸಂಘದ ಚುನಾವಣೆಗಳು ನಡೆಯುತ್ತವೆ. ಮಸ್ಕಿಯ 2021ರ ಏಪ್ರಿಲ್ ಉಪಚುನಾವಣೆಯ ಹೊತ್ತಿಗೆ ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ರೈತರು ಹೋರಾಟಕ್ಕಿಳಿದಿದ್ದರು. ದುಡಿಮೆ ಅರಸಿ ಗುಳೆ ಹೋಗುವ ಕುಟುಂಬಗಳಂತೂ ಮೂರೂ ಕಡೆ ಇವೆ. 'ನಮ್ಮಪ್ಪ ಗುಳೆ ಹೋದರ ಅವನ ಓಟು ಏನಾಗ್ತದ್ರಿ?' ಎಂದು ಒಂಬತ್ತನೆಯ ತರಗತಿಯ ಹುಡುಗಿ ಕೇಳಿದರೆ ಅದು ಯಾವ ಸ್ಪರ್ಧೆಯ ಚೌಕಟ್ಟಿಗೂ ಒಗ್ಗುವುದಿಲ್ಲ. ನಿಜವಾದ ಮತದಾರ ಸಾಕ್ಷರತೆ ಆರಂಭವಾಗುವುದು ಅಲ್ಲಿಯೇ.

ಮಕ್ಕಳ ಗ್ರಾಮಸಭೆಯು ಈ ದೃಷ್ಟಿಯಿಂದ ಹೆಚ್ಚು ಬೆಲೆಯುಳ್ಳದ್ದು. ಅಲ್ಲಿ ಕೇಳುವವರು ಮಕ್ಕಳು, ಉತ್ತರಿಸಬೇಕಾದವರು ಪಂಚಾಯಿತಿಯವರು. ಆದರೆ ಮಗುವಿನ ಮಾತನ್ನು ಶಿಕ್ಷಕರು ಪಠ್ಯಪುಸ್ತಕದ ಕನ್ನಡಕ್ಕೆ ತಿದ್ದಿ ಓದಿಸಿದರೆ ಅಲ್ಲಿಯೂ ಶಾಸನದ ಬಂಡೆಯೇ ಉಳಿಯುತ್ತದೆ.

ಇನ್ನೊಂದು ವೈರುಧ್ಯವೂ ಇದೆ. ಹದಿನಾಲ್ಕರ ಹರೆಯದಲ್ಲಿ ಅಣಕು ಮತಯಂತ್ರ ಒತ್ತಿಸುವ ಇದೇ ರಾಜ್ಯದಲ್ಲಿ 1989-90ರ ಸುಮಾರಿಗೆ ಕಾಲೇಜು ವಿದ್ಯಾರ್ಥಿ ಸಂಘಗಳ ಚುನಾವಣೆಗೆ ನಿಷೇಧ ಬಿದ್ದಿತು. ಅದನ್ನು ಮರಳಿ ತರುವ ಚರ್ಚೆ ಮತ್ತೆ ತಲೆಯೆತ್ತಿದ್ದು 2025ರಲ್ಲಿ. ಆ ಚರ್ಚೆ ಹೇಗೇ ಮುಗಿಯಲಿ, ಪ್ರೌಢಶಾಲೆಯ ಕನ್ನಡ ತರಗತಿ ಕಾಯಬೇಕಾಗಿಲ್ಲ. ಪತ್ರಲೇಖನ ಪಠ್ಯದಲ್ಲಿಯೇ ಇದೆ. ಕಲ್ಪಿತ ಅಧಿಕಾರಿಗೆ ಬರೆಯಿಸುವ ಬದಲು ಸಂಘದ ಮಕ್ಕಳು ತಾಲೂಕಿನ ನಿಜವಾದ ಕಚೇರಿಗೆ, ತಮ್ಮದೇ ನುಡಿಯಲ್ಲಿ, ತಮ್ಮದೇ ಪ್ರಶ್ನೆಯನ್ನು ಬರೆಯಲಿ. ಬಂದ ಉತ್ತರವನ್ನು, ಬಾರದಿದ್ದರೆ ಪತ್ರ ಕಳುಹಿಸಿದ ದಿನಾಂಕವನ್ನು, ಶಾಲೆಯ ಸೂಚನಾ ಫಲಕದಲ್ಲಿ ಹಾಕಲಿ.