ಲೇಖಕರ ಕೈಗೆ ಒಂದು ಪೆನ್ಸಿಲು

ವಿಜ್ಞಾನವನ್ನು ಕುರಿತು ಬರೆಯುವವರಿಗೆ ಭಾಷಾಜ್ಞಾನದೊಡನೆ ಲೆಕ್ಕ ಹಾಕಿ ನೋಡುವ ಅಭ್ಯಾಸವೂ ಇರಬೇಕೆಂಬುದು ನಮ್ಮ ಅಭಿಪ್ರಾಯ. ಇಂಗ್ಲಿಷ್ ಗ್ರಂಥಗಳಿಂದ ವಿಷಯವನ್ನು ಕನ್ನಡಕ್ಕೆ ತರುವಾಗ ಲೇಖನಿ ಸೊನ್ನೆಗಳನ್ನು ಎಡವುವುದುಂಟು. ಮಿಲಿಯನ್ ಎಂದರೆ 10 ಲಕ್ಷ, ಬಿಲಿಯನ್ ಎಂದರೆ 100 ಕೋಟಿ. ವಿಶ್ವದ ವಯಸ್ಸು ಸುಮಾರು 13.8 ಬಿಲಿಯನ್ ವರ್ಷ, ಅದನ್ನು 13.8 ಕೋಟಿ ಎಂದು ಬರೆದುಬಿಟ್ಟರೆ, 20 ಕೋಟಿ ವರ್ಷಗಳಿಗೂ ಹಿಂದೆ ಬಾಳಿದ ಡೈನೊಸಾರುಗಳು ವಿಶ್ವಕ್ಕಿಂತ ಮೊದಲೇ ಹುಟ್ಟಿದಂತಾಗುತ್ತದೆ! ವಾಕ್ಯವೇನೋ ಸೊಗಸಾಗಿಯೇ ಇರುತ್ತದೆ. ವಿದ್ಯಾರ್ಥಿ ಅದನ್ನೇ ಕಂಠಪಾಠ ಮಾಡುತ್ತಾನೆ. ಹೋಲಿಸಿ ನೋಡಲು ಅದೇ ವಿಷಯದ ಇನ್ನೊಂದು ಕನ್ನಡ ಪುಸ್ತಕ ಅವನಿಗೆ ಸುಲಭವಾಗಿ ದೊರೆಯದು.

ಇದಕ್ಕೆ ಬೇಕಾದ ಸಲಕರಣೆ ಕಾಗದ ಮತ್ತು ಪೆನ್ಸಿಲು. ಸೂರ್ಯನ ದೂರ ಸುಮಾರು 15 ಕೋಟಿ ಕಿಲೋಮೀಟರು; ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು. ಭಾಗಿಸಿದರೆ 500 ಸೆಕೆಂಡು, ಅಂದರೆ 8 ನಿಮಿಷ 20 ಸೆಕೆಂಡು. ಸೂರ್ಯನ ಬೆಳಕು ನಮ್ಮನ್ನು ತಲಪಲು 80 ನಿಮಿಷ ಬೇಕೆಂದು ಕರಡಿನಲ್ಲಿದ್ದರೆ ತಪ್ಪು ಅಲ್ಲಿಯೇ ಸಿಕ್ಕಿಬೀಳುತ್ತದೆ. ಇಂದು ಮೊಬೈಲಿನಲ್ಲಿಯೇ ಕ್ಯಾಲ್ಕುಲೇಟರು ಇದೆಯಲ್ಲ ಎನ್ನಬಹುದು. ಬಿಲಿಯನ್ನನ್ನು ಕೋಟಿಯೆಂದು ಭಾವಿಸಿ ಅಂಕೆ ಒತ್ತಿದವರನ್ನು ಅದು ತಡೆಯದು. ಸಂಪಾದಕರು ಲೇಖನದೊಡನೆ ಆ ಲೆಕ್ಕದ ಹಾಳೆಯನ್ನೂ ಕೇಳಿ ಪಡೆಯುವುದು ಒಳ್ಳೆಯದು.